ಗಡಿಯಾಚೆಯ ಜೀವನಾಂಶ, ಮಗುವಿನ ಕಸ್ಟಡಿ ಕೇಸಿಗೆ ಕಾಸರಗೋಡಿನ ಉಚಿತ ಕಾನೂನು ನೆರವು: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಗಂಡ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುತ್ತಾನೆ. ಹೆಂಡತಿ ಮಗುವನ್ನು ಕರೆದುಕೊಂಡು ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ತವರಿಗೆ ಬಂದಿರುತ್ತಾಳೆ. ಕೊಟ್ಟು ತರುವ ಸಂಬಂಧಗಳು ತಲಪಾಡಿ ಗಡಿಯ ಎರಡೂ ಬದಿಗೆ ಹರಡಿರುವ ಕಾಸರಗೋಡು ಜಿಲ್ಲೆಯಲ್ಲಿ ದಂಪತಿ ಬೇರೆಯಾದರೆ ಕೇಸು ತಾನಾಗಿಯೇ ಎರಡು ರಾಜ್ಯಗಳ ಕೇಸಾಗಿಬಿಡುತ್ತದೆ. ಕಾಸರಗೋಡಿನ ಆದೇಶದ ಮೇಲೆ ಹೈಕೋರ್ಟಿಗೆ ಹೋಗಬೇಕಾದರೆ ಎರ್ನಾಕುಳಂ, ಮಂಗಳೂರಿನ ಆದೇಶದ ಮೇಲಾದರೆ ಬೆಂಗಳೂರು. ವಕೀಲರಿಗೆ ಫೀಸು ಕೊಡಲಾಗದವರಿಗೆ ಇಲ್ಲಿರುವ ದಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದರ ಕಚೇರಿ ವಿದ್ಯಾನಗರದ ಕೋರ್ಟು ಸಂಕೀರ್ಣದಲ್ಲೇ ಇದೆ, ತಾಲೂಕು ಮಟ್ಟದಲ್ಲಿ ಸಮಿತಿಗಳಿವೆ, 15100 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಇಂಥ ಕೇಸುಗಳಿಗೆ ಈ ಸೇವೆ ಎಷ್ಟು ಒದಗಿಬರುತ್ತದೆ ಎಂಬುದನ್ನು ನೋಡೋಣ.

ನಮ್ಮ ಅಭಿಪ್ರಾಯ ಮೊದಲೇ ಹೇಳುತ್ತೇವೆ. ಆದೇಶ ಕೈಗೆ ಸಿಗುವವರೆಗೆ ಇದು ನಂಬಬಹುದಾದ ಸೇವೆ. ಆದೇಶವನ್ನು ಹಣವಾಗಿ ಮಾಡಿಕೊಳ್ಳಲು ಗಡಿ ದಾಟಬೇಕಾಗಿ ಬಂದ ದಿನ ಅದರ ಹಿಡಿತ ಸಡಿಲವಾಗುತ್ತದೆ. ಆ ದಿನಕ್ಕೆ ಬೇಕಾದ ಸಿದ್ಧತೆಯನ್ನು ಮೊದಲ ಅರ್ಜಿ ಬರೆಸುವಾಗಲೇ ಮಾಡಿಕೊಂಡವರಿಗೆ ಅರ್ಧ ಓಡಾಟ ಉಳಿಯುತ್ತದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಕೂಡ ಹಾಗೆಯೇ. ಉಳಿದ ಗಂಡಸರಿಗೆ ಆದಾಯ ಮಿತಿ ಇದೆ. ಕೂಲಿ ಕೆಲಸದ ತಂದೆ ಮಗುವನ್ನು ನೋಡಲು ಅವಕಾಶ ಕೇಳಿ ಅರ್ಜಿ ಹಾಕುವುದಾದರೆ ಆತನಿಗೂ ಈ ಬಾಗಿಲು ತೆರೆದಿದೆ, ಆದಾಯ ಪ್ರಮಾಣಪತ್ರ ಬೇಕಾಗುತ್ತದೆ ಅಷ್ಟೆ. ವಕೀಲರ ಫೀಸು ಮಾತ್ರವಲ್ಲ, ಕೋರ್ಟು ಫೀಸು, ಸಮನ್ಸ್ ಖರ್ಚು, ದೃಢೀಕೃತ ನಕಲಿನ ಖರ್ಚೂ ಇದರಲ್ಲಿ ಸೇರುತ್ತವೆ. ಇದನ್ನು ಕೇಳದೆ ಕೈಯಿಂದ ಕೊಟ್ಟವರೇ ಹೆಚ್ಚು. ಹಾಕಿಕೊಟ್ಟ ವಕೀಲರು ವಾಯಿದೆಗೆ ಬರುತ್ತಿಲ್ಲವಾದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಬೇರೆಯವರನ್ನು ಕೇಳಬಹುದು. ಬಾಯಿಮಾತಿನ ದೂರು ಫೈಲಿಗೆ ಹೋಗುವುದಿಲ್ಲ, ಬರೆದೇ ಕೊಡಿ.

ಅರ್ಜಿಯ ನಮೂನೆ ಚಿಕ್ಕದು. ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಫೀಸು ರಶೀದಿ ಎಲ್ಲರೂ ತರುತ್ತಾರೆ. ತಾರದೇ ಇರುವುದು ಎದುರುದಾರನ ಪೂರ್ತಿ ವಿವರ. ಗಡಿ ದಾಟುವ ಕೇಸಿನಲ್ಲಿ ಅದೇ ಮುಖ್ಯ. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಒಯ್ಯಿರಿ: ಮನೆಯ ಡೋರ್ ನಂಬರ್, ಗ್ರಾಮ, ಹತ್ತಿರದ ಗುರುತು, ಯಾವ ಪೊಲೀಸ್ ಠಾಣೆಯ ವ್ಯಾಪ್ತಿ, ಕೆಲಸದ ಸಂಸ್ಥೆಯ ಹೆಸರು ಮತ್ತು ಸಂಬಳ ಬಟವಾಡೆ ಮಾಡುವ ಕಚೇರಿ ಇರುವ ಊರು, ಮೊಬೈಲ್ ನಂಬರ್, ಇಮೇಲ್, ಹಿಂದೆ ಖರ್ಚಿಗೆ ಹಣ ಕಳಿಸುತ್ತಿದ್ದ ಬ್ಯಾಂಕ್ ಖಾತೆ, ಒಂದು ಫೋಟೋ. ಸಂಬಳದ ಕಚೇರಿ ಎಲ್ಲಿದೆ ಎಂಬುದು ಯಾಕೆ ಬೇಕೆಂದು ಮುಂದೆ ಗೊತ್ತಾಗುತ್ತದೆ.

ಯಾವ ಕೇಸು ಎಲ್ಲಿ ಹಾಕಬೇಕು ಎಂಬಲ್ಲಿ ಜನ ಹೆಚ್ಚು ತಪ್ಪುತ್ತಾರೆ. ಜೀವನಾಂಶಕ್ಕೊಂದು ಲೆಕ್ಕ, ಕಸ್ಟಡಿಗೆ ಬೇರೊಂದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ನಡೆಯುತ್ತಿದೆ. ಹೆಂಡತಿ ಈಗ ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಲು 145ನೇ ಕಲಂ ಅವಕಾಶ ಕೊಡುತ್ತದೆ. ಮದುವೆ ಉಡುಪಿಯಲ್ಲಿ ಆಗಿರಲಿ, ಸಂಸಾರ ಮಾಡಿದ್ದು ಮೈಸೂರಿನಲ್ಲಿರಲಿ, ತವರು ಕುಂಬಳೆಯಾದರೆ ಕಾಸರಗೋಡಿನ ಫ್ಯಾಮಿಲಿ ಕೋರ್ಟಿಗೆ ಬರಬಹುದು. ಕಸ್ಟಡಿಗೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 9ನೇ ಕಲಂ ನೋಡುವುದು ಒಂದನ್ನೇ: ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆ? ತಾಯಿಯ ಊರೂ ಅಲ್ಲ, ತಂದೆಯ ಊರೂ ಅಲ್ಲ. ರಜೆಗೆಂದು ಕರೆತಂದು ವಾರದೊಳಗೆ ಅರ್ಜಿ ಹಾಕಿದರೆ ಆ ಕೋರ್ಟಿಗೆ ಅಧಿಕಾರವೇ ಇಲ್ಲ ಎಂಬ ತಕರಾರು ಮೊದಲ ದಿನವೇ ಬರುತ್ತದೆ, ಅದರ ತೀರ್ಮಾನಕ್ಕೇ ತಿಂಗಳುಗಳು ಹೋಗುತ್ತವೆ. ಮಗು ಇಲ್ಲಿಯೇ ನೆಲೆಸಿದೆ ಎನ್ನಲು ಶಾಲೆಯ ದಾಖಲಾತಿ, ಅಂಗನವಾಡಿಯ ಪುಸ್ತಕ, ಲಸಿಕೆಯ ಕಾರ್ಡು ಒಳ್ಳೆಯ ಪುರಾವೆ. ಕರ್ನಾಟಕದ ಶಾಲೆಯಿಂದ ಟಿ.ಸಿ. ಬರಲಿಲ್ಲವೆಂದು ಇಲ್ಲಿನ ಶಾಲೆ ಸೇರಿಸಿಕೊಳ್ಳದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ.

ಹಿಂಸೆಯೂ ಇದ್ದ ಸಂಸಾರವಾದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅರ್ಜಿಯನ್ನು ಮರೆಯಬೇಡಿ. ತಾತ್ಕಾಲಿಕವಾಗಿ ವಾಸವಿರುವ ಊರಿನಲ್ಲೂ ಅದನ್ನು ಹಾಕಬಹುದು. ಹಣವನ್ನೂ ಮಗುವಿನ ತಾತ್ಕಾಲಿಕ ಕಸ್ಟಡಿಯನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಆದೇಶವನ್ನು ಭಾರತದ ಎಲ್ಲ ಕಡೆಯೂ ಜಾರಿ ಮಾಡಿಸಬಹುದೆಂದು 27ನೇ ಕಲಂ ಬಿಡಿಸಿ ಹೇಳುತ್ತದೆ. ನಾವು ನೋಡಿದಂತೆ ಪ್ರಾಧಿಕಾರದ ಸಲಹೆಯಲ್ಲಿ ಈ ಮಾತು ಎಷ್ಟು ಬರಬೇಕೋ ಅಷ್ಟು ಬರುವುದಿಲ್ಲ. ನೀವೇ ಕೇಳಿ.

ಮುಸ್ಲಿಂ ಕುಟುಂಬಗಳಲ್ಲಿ ತಲಾಖ್ ಆದಮೇಲೆ ಜೀವನಾಂಶದ ಅರ್ಜಿ ನಡೆಯುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. 2024ರ ಜುಲೈ 10ರ ಮೊಹಮ್ಮದ್ ಅಬ್ದುಲ್ ಸಮದ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸಂಶಯವನ್ನು ತೀರಿಸಿದೆ. ಮಕ್ಕಳ ಹಕ್ಕಂತೂ 1997ರ ನೂರ್ ಸಬಾ ಖಾತೂನ್ ತೀರ್ಪಿನಿಂದಲೇ ನಿಶ್ಚಿತ.

ಅರ್ಜಿ ನಂಬರಾದ ಮೇಲೆ ಮೊದಲ ಅಡ್ಡಿ ಸಮನ್ಸ್. ಕಾಸರಗೋಡಿನಿಂದ ಹೊರಟ ಸಮನ್ಸ್ ಕರ್ನಾಟಕದ ಕೋರ್ಟಿನ ಮೂಲಕ ಆಚೆಯ ಅಮೀನನ ಕೈಗೋ ಠಾಣೆಯ ಪೊಲೀಸರ ಕೈಗೋ ಹೋಗಬೇಕು. ಅದು ‘ಮನೆಗೆ ಬೀಗ’, ‘ಈ ವಿಳಾಸದಲ್ಲಿ ಇಲ್ಲ’ ಎಂಬ ಷರಾದೊಂದಿಗೆ ಹಿಂದೆ ಬರುವುದು ಹೆಚ್ಚು, ವಾಯಿದೆಯ ದಿನ ಕಳೆದ ಮೇಲೆ ಬರುವುದೂ ಉಂಟು. ಒಂದು ಸಲ ವಾಪಸಾದರೆ ಮುಂದಿನ ವಾಯಿದೆಗೆ ಮತ್ತೆ ತಿಂಗಳು. ಉಪಾಯ ಇಷ್ಟು: ಮನೆಯ ವಿಳಾಸಕ್ಕೂ ಕೆಲಸದ ವಿಳಾಸಕ್ಕೂ ಒಟ್ಟಿಗೇ ಸಮನ್ಸ್ ಕೇಳುವುದು, ನೋಂದಾಯಿತ ಅಂಚೆಯಲ್ಲೂ ಕಳಿಸಲು ಅನುಮತಿ ಪಡೆಯುವುದು. ಹೊಸ ಸಂಹಿತೆಯಲ್ಲಿ ವಿದ್ಯುನ್ಮಾನ ಸಮನ್ಸ್‌ಗೂ ಅವಕಾಶ ಇರುವುದರಿಂದ ಮೊಬೈಲ್, ಇಮೇಲ್ ವಿವರವನ್ನು ಅರ್ಜಿಯಲ್ಲೇ ಕಾಣಿಸುವುದು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕೋರ್ಟಿಗೆ ಮನವರಿಕೆಯಾದರೆ ಎಕ್ಸ್‌ಪಾರ್ಟಿ ಆದೇಶ, ಅಂದರೆ ಆತನ ಗೈರುಹಾಜರಿಯಲ್ಲೇ ಆದೇಶ, ಆಗಬಹುದು. ಆದರೆ ಸರಿಯಾದ ಕಾರಣ ತೋರಿಸಿದರೆ 3 ತಿಂಗಳೊಳಗೆ ಅದನ್ನು ರದ್ದು ಮಾಡಿಸಿಕೊಳ್ಳಲು ಆತನಿಗೆ ದಾರಿಯಿದೆ. ಹಾಗಾಗಿ ಸಮನ್ಸ್ ತಲುಪಿದ್ದಕ್ಕೆ ಗಟ್ಟಿ ದಾಖಲೆ ಇಲ್ಲದ ಎಕ್ಸ್‌ಪಾರ್ಟಿ ಆದೇಶವನ್ನು ನೆಚ್ಚಿಕೊಂಡು ಕೂರಬೇಡಿ.

ಮಧ್ಯಂತರ ಜೀವನಾಂಶದ ಅರ್ಜಿ, ನೋಟಿಸು ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟೂ ತೀರಬೇಕೆಂದು ಕಾಯ್ದೆಯಲ್ಲಿದೆ. ‘ಸಾಧ್ಯವಾದಷ್ಟೂ’ ಎಂಬುದನ್ನು ನೆನಪಿಡಿ. ಇದಕ್ಕೆ ಬಲ ಕೊಡುವುದು ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು, ಎದುರುದಾರ 4 ವಾರದೊಳಗೆ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕವಾಗಬೇಕು. ಪ್ರಾಧಿಕಾರದ ವಕೀಲರು ಈ ಅಫಿಡವಿಟ್ಟನ್ನು ನಮೂನೆ ತುಂಬಿದಂತೆ ತುಂಬಿಸಿ ಮುಗಿಸುವುದೇ ಈ ಹಂತದ ದೊಡ್ಡ ಕೊರತೆ. ಜೊತೆಗೆ ಮಗುವಿನ ಖರ್ಚಿನ ಪಟ್ಟಿ ಬೇಕು: ಫೀಸು, ವಾಹನ, ಟ್ಯೂಷನ್, ಔಷಧಿ, ಬಟ್ಟೆ, ಬಾಡಿಗೆಯಲ್ಲಿ ಮಗುವಿನ ಪಾಲು. ಪ್ರತಿಯೊಂದಕ್ಕೂ ರಶೀದಿ ಇರಲಿ, ತಿಂಗಳಿಗೆ ಸರಾಸರಿ ಎಷ್ಟೆಂದು ತೋರಿಸಿ. ‘ಬೆಲೆ ಏರಿದೆ, 10,000 ಬೇಕು’ ಎಂದರೆ ನ್ಯಾಯಾಧೀಶರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ತಾಯಿ ಬೀಡಿ ಕಟ್ಟಿ ಸಂಪಾದಿಸುವ ಪುಡಿಗಾಸನ್ನು ಮುಚ್ಚಿಡಬೇಡಿ. ಅದು ಜೀವನಾಂಶಕ್ಕೆ ಅಡ್ಡಿಯಲ್ಲ, ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಇಡೀ ಸಾಕ್ಷ್ಯಕ್ಕೆ ಪೆಟ್ಟು. ಆತ ಆಸ್ತಿ ಇಲ್ಲವೆಂದು ಬರೆದಿದ್ದರೆ ಸರ್ವೆ ನಂಬರ್ ಗೊತ್ತಿದ್ದವರು ಕರ್ನಾಟಕದ ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ಕುಳಿತಲ್ಲೇ ಆಗುವ ಕೆಲಸ ಇದು, ಅಡಿಕೆ ತೋಟ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲೇ ಕಾಣುತ್ತದೆ.

ಕೇಸಿಗೆ ಮೊದಲೇ ರಾಜಿಗೆ ಕೂರಿಸುವ ಸೌಲಭ್ಯವನ್ನು ಪ್ರಾಧಿಕಾರ ಕೊಡುತ್ತದೆ. ಖರ್ಚಿಲ್ಲ, ಬಿಳಿ ಹಾಳೆಯ ಅರ್ಜಿ ಸಾಕು. ಆದರೆ ನೋಟಿಸಿಗೆ ಆಚೆಯವರು ಬರಲೇಬೇಕೆಂಬ ಕಡ್ಡಾಯವಿಲ್ಲ. ಬಾರದಿದ್ದರೆ ಫೈಲು ಮುಚ್ಚುತ್ತದೆ, ಎಕ್ಸ್‌ಪಾರ್ಟಿ ಎಂಬುದು ಅಲ್ಲಿಲ್ಲ. ಜೀವನಾಂಶ ಲೆಕ್ಕವಾಗುವುದು ಕೋರ್ಟಿಗೆ ಅರ್ಜಿ ಹಾಕಿದ ದಿನದಿಂದ. ರಾಜಿಯ ದಾರಿ ನೋಡುತ್ತ ಕಳೆದ ತಿಂಗಳುಗಳ ಹಣ ಹೋದಂತೆಯೇ. ಕೋರ್ಟಿನಲ್ಲಿ ಅರ್ಜಿ ಹಾಕಿ ಅಲ್ಲಿಂದಲೇ ಮೀಡಿಯೇಶನ್ನಿಗೆ ಹೋಗುವುದು ಮೇಲು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ಸಹಿಗೆ ಮುಂಚೆ ಕರಾರನ್ನು ಗೊತ್ತಿರುವ ಭಾಷೆಯಲ್ಲಿ ಓದಿಸಿಕೊಳ್ಳಿ: ಯಾವ ತಾರೀಕಿಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ತಪ್ಪಿದರೆ ಏನು. ‘ಮಗುವಿನ ಖರ್ಚನ್ನು ತಂದೆ ನೋಡಿಕೊಳ್ಳತಕ್ಕದ್ದು’ ಎಂಬ ಸಾಲನ್ನು ಯಾವ ಕೋರ್ಟಿನಲ್ಲೂ ಜಾರಿ ಮಾಡಿಸಲು ಬರುವುದಿಲ್ಲ.

ಮಗುವನ್ನು ನೋಡುವ ಅವಕಾಶದ ಆದೇಶಗಳಲ್ಲಿಯೂ ಇದೇ ಅಸ್ಪಷ್ಟತೆ ಜಗಳ ತರುತ್ತದೆ. ‘ರಜೆಯ ಅರ್ಧ ಭಾಗ ತಂದೆಯ ಜೊತೆ’ ಎಂದು ಬರೆದರೆ ಯಾವ ರಾಜ್ಯದ ರಜೆ? ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೂ ಕೇರಳದ್ದೇ ವೇಳಾಪಟ್ಟಿ: ಏಪ್ರಿಲ್, ಮೇ ಬೇಸಿಗೆ ರಜೆ, ಆಮೇಲೆ ಓಣಂ ಮತ್ತು ಕ್ರಿಸ್‌ಮಸ್ ರಜೆ. ಕರ್ನಾಟಕದಲ್ಲಿ ಉದ್ದದ ರಜೆ ದಸರೆಗೆ, ಬೇಸಿಗೆಯ ನಂತರ ಶಾಲೆ ಶುರುವಾಗುವುದೂ ಕೇರಳಕ್ಕಿಂತ ಮೊದಲೇ. ತಂದೆ ದಸರೆಗೆ ಕರೆಯಲು ಬಂದಾಗ ಇಲ್ಲಿ ಮಗುವಿಗೆ ಶಾಲೆ. ಆದುದರಿಂದ ಆದೇಶದಲ್ಲಿ ‘ಮಗು ಓದುತ್ತಿರುವ ಶಾಲೆಯ ರಜೆ’ ಎಂದೇ ಇರಲಿ, ದಿನಗಳನ್ನು ಎಣಿಸಿ ಬರೆಸಿ. ಒಪ್ಪಿಸುವ ಜಾಗ, ಗಂಟೆ, ಯಾರು ಕರೆದುಕೊಂಡು ಬರಬೇಕು, ಪ್ರಯಾಣದ ಖರ್ಚು ಯಾರದು, ವಾರದಲ್ಲಿ ಯಾವ ದಿನ ವೀಡಿಯೋ ಕಾಲ್ ಎಂಬುದೂ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದಾಗ ಈಚೆ ಆಚೆ ಹೋಗಲು ದಾರಿಯೇ ಇರಲಿಲ್ಲ. ವೀಡಿಯೋ ಕಾಲಿನ ಸಾಲು ಆದೇಶದಲ್ಲಿದ್ದರೆ ಅಂಥ ಹೊತ್ತಿನಲ್ಲೂ ಮಗುವಿಗೆ ಎರಡೂ ಮುಖ ಕಾಣುತ್ತದೆ. ಜೀವನಾಂಶ ಬಂದಿಲ್ಲವೆಂದು ಮಗುವನ್ನು ತೋರಿಸದಿರುವುದು, ತೋರಿಸಲಿಲ್ಲವೆಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಕೋರ್ಟು ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ, ಮಗುವಿಗೆ ಎರಡೂ ಬೇಕು.

ಭೇಟಿಗೆಂದು ಕರೆದುಕೊಂಡು ಹೋದವರು ಮಗುವನ್ನು ಗಡಿಯಾಚೆ ಇಟ್ಟುಕೊಂಡರೆ ಜನ ಓಡುವುದು ಪೊಲೀಸ್ ಠಾಣೆಗೆ. ಮಗು ಹೆತ್ತವರೊಬ್ಬರ ಬಳಿಯೇ ಇದ್ದು, ಕೋರ್ಟಿನ ಆದೇಶವೂ ಇಲ್ಲದಿದ್ದರೆ ಠಾಣೆಯಲ್ಲಿ ಹೆಚ್ಚೇನೂ ನಡೆಯದು. ತಂದೆಯ ಬಳಿ ಇರುವ ಮಗುವನ್ನು ಅಕ್ರಮ ಬಂಧನದಲ್ಲಿದೆ ಎನ್ನುವಂತಿಲ್ಲ, ಶೋಧದ ವಾರಂಟಿನಿಂದ ತರಿಸುವಂತಿಲ್ಲ ಎಂದು ರಮೇಶ್ ವಿರುದ್ಧ ಲಕ್ಷ್ಮೀಬಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಸ್ಟಡಿ ಅರ್ಜಿಯೊಂದಿಗೆ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 12ನೇ ಕಲಂನ ಮಧ್ಯಂತರ ಆದೇಶ, ತುರ್ತಾದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೇಳುವ ಅರ್ಜಿ), ಇವೇ ದಾರಿ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯಲ್ಲಿದೆ, ಆದರೂ ಕೊನೆಗೆ ತೂಗುವುದು ಮಗುವಿನ ಹಿತವೇ.

ಈಚೆ ಜೀವನಾಂಶದ ಕೇಸು ನಡೆಯುತ್ತಿರುವಾಗ ಆತ ಮಂಗಳೂರಿನಲ್ಲಿ ವಿಚ್ಛೇದನದ ಕೇಸು ಹಾಕುವುದು ಮಾಮೂಲು. ಅದನ್ನು ಕಾಸರಗೋಡಿಗೆ ತರಿಸಲು ಕೇರಳ ಹೈಕೋರ್ಟಿಗೂ ಆಗದು, ಕರ್ನಾಟಕ ಹೈಕೋರ್ಟಿಗೂ ಆಗದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಿವಿಲ್ ಕೇಸು ವರ್ಗ ಮಾಡುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂನಲ್ಲಿ ಸುಪ್ರೀಂ ಕೋರ್ಟಿಗೆ ಮಾತ್ರ. ಅಲ್ಲಿಯೂ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಉಚಿತ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಮಾತ್ರ ಎಂಬ ವಾದ ಎದುರಿನಿಂದ ಬಂದೇ ಬರುತ್ತದೆ. ಬೆಂಗಳೂರಿನ ಕೇಸಾದರೆ ವರ್ಗಾವಣೆ ಕೇಳುವುದಕ್ಕೆ ಅರ್ಥವಿದೆ. ಮಂಗಳೂರಿನದಾದರೆ ಅಲ್ಲೇ ವಕೀಲರನ್ನು ಪಡೆದು, ಪ್ರಯಾಣದ ಮತ್ತು ಕೇಸಿನ ಖರ್ಚು ಕೇಳಿ, ಕೆಲವು ವಾಯಿದೆಗಳಿಗೆ ವೀಡಿಯೋ ಮೂಲಕ ಹಾಜರಾಗಲು ಅನುಮತಿ ಬೇಡುವುದು ವಾಸಿ ಎಂದು ನಮ್ಮ ಅಭಿಪ್ರಾಯ.

ಇನ್ನು ವಸೂಲಿ. ಈ ಸೇವೆಯ ನಿಜವಾದ ಪರೀಕ್ಷೆ ಇಲ್ಲಿಯೇ. ಆದೇಶವಾದ ಮೇಲೂ ಹಣ ಬಾರದಿದ್ದರೆ ಬಾಕಿಯಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು, ಇಲ್ಲವಾದರೆ 144ನೇ ಕಲಂ ಕೆಳಗೆ ವಾರಂಟು ಹೊರಡದು. ‘ನೋಡೋಣ, ಕೊಟ್ಟಾನು’ ಎಂದು ಕಾದು ಎಷ್ಟೋ ತಾಯಂದಿರು ಹಳೆಯ ಬಾಕಿ ಕಳೆದುಕೊಳ್ಳುತ್ತಾರೆ. ಒಮ್ಮೆ ಅವಧಿಯೊಳಗೆ ಅರ್ಜಿ ಹಾಕಿದ್ದರೆ ಅದು ಬಾಕಿ ಇರುವಾಗ ಸೇರುತ್ತಾ ಹೋದ ಮೊತ್ತಕ್ಕೆ ಹೊಸ ಅರ್ಜಿ ಬೇಡ ಎಂದು 2005ರ ಶಾಂತಾ ವಿರುದ್ಧ ಬಿ.ಜಿ. ಶಿವನಂಜಪ್ಪ ತೀರ್ಪಿನಲ್ಲಿದೆ. ಕೊಡದವನಿಗೆ ಬಾಕಿ ತಿಂಗಳಿಗೆ 1 ತಿಂಗಳವರೆಗೆ ಸೆರೆ ವಿಧಿಸಬಹುದು, ಸೆರೆ ಅನುಭವಿಸಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.

ಗಡಿ ದಾಟುವ ದಾರಿ ನಾಗರಿಕ ಸುರಕ್ಷಾ ಸಂಹಿತೆಯ 147ನೇ ಕಲಂ. ಎದುರುದಾರ ಎಲ್ಲಿದ್ದಾನೋ ಅಲ್ಲಿನ ಕೋರ್ಟು ಕಾಸರಗೋಡಿನ ಆದೇಶವನ್ನು ಜಾರಿ ಮಾಡಬಹುದು. ಅಲ್ಲಿ ರುಜುವಾತು ಮಾಡಬೇಕಾದ್ದು ಎರಡೇ: ಆದೇಶದಲ್ಲಿರುವವರು ಇವರೇ, ಹಣ ಬಾಕಿ ಇದೆ. ಇದಕ್ಕಾಗಿ ಆದೇಶದ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ. ಎರಡು ಪ್ರತಿ ಕೇಳಿ ಇಟ್ಟುಕೊಳ್ಳಿ. ಮಂಗಳೂರಿನಂತೆ ಫ್ಯಾಮಿಲಿ ಕೋರ್ಟಿನ ವ್ಯಾಪ್ತಿಯ ಊರಾದರೆ ಅರ್ಜಿ ಅಲ್ಲಿಗೇ ಹೋಗಬೇಕು, ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕಿದರೆ ವಾಪಸು. ತೊಂದರೆ ಏನೆಂದರೆ ಕಾಸರಗೋಡಿನ ಪ್ರಾಧಿಕಾರ ಕೊಟ್ಟ ವಕೀಲರು ಇದಕ್ಕಾಗಿ ಮಂಗಳೂರಿಗೆ ಬರುವುದಿಲ್ಲ. ಅಲ್ಲಿನ ದಕ್ಷಿಣ ಕನ್ನಡ ಜಿಲ್ಲಾ ಪ್ರಾಧಿಕಾರಕ್ಕೆ ಮೊದಲಿನಿಂದ ಅರ್ಜಿ, ದಾಖಲೆ, ಹೊಸ ವಕೀಲರು. ಎರಡೂ ಒಂದೇ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗಳು. ಫೈಲನ್ನು ಇಲ್ಲಿಂದ ಅಲ್ಲಿಗೆ ದಾಟಿಸುವ ಕ್ರಮ ಸಹಜವಾಗಿ ನಡೆಯಬೇಕಿತ್ತು. ಅದಿಲ್ಲದ್ದರಿಂದ ಆದೇಶ ಗೆದ್ದ ಎಷ್ಟೋ ತಾಯಂದಿರು ಇಲ್ಲಿಯೇ ಕೈಬಿಡುತ್ತಾರೆ. ಗಡಿ ಜಿಲ್ಲೆಗೆ ಇದಕ್ಕಿಂತ ಅಗತ್ಯವಾದ ಸುಧಾರಣೆ ಬೇರೊಂದಿಲ್ಲ. ಸದ್ಯಕ್ಕೆ, ಕಾಸರಗೋಡಿನ ಕಾರ್ಯದರ್ಶಿಯಿಂದ ಆಚೆಯ ಕಾರ್ಯದರ್ಶಿಗೆ ಒಂದು ಕಳಿಸುಪತ್ರ ಕೇಳಿ ಪಡೆಯಿರಿ. ರಾಷ್ಟ್ರೀಯ ಪ್ರಾಧಿಕಾರದ ಜಾಲತಾಣದಲ್ಲೂ ಮಂಗಳೂರಿಗೆ ಅರ್ಜಿ ಹಾಕಬಹುದು. 15100 ಮಾಹಿತಿಗೆ ಒಳ್ಳೆಯದು, ಫೈಲು ದಾಟಿಸುವ ಕೆಲಸ ಅದರಿಂದ ಆಗದು.

ಸಂಬಳದ ಜಪ್ತಿಗೆ ಬೇರೆ ನಿಯಮ. ಜೀವನಾಂಶವನ್ನು ಸಿವಿಲ್ ಡಿಕ್ರಿಯಂತೆಯೂ ವಸೂಲು ಮಾಡಬಹುದೆಂದು ರಜನೇಶ್ ತೀರ್ಪಿನಲ್ಲಿದೆ. ಸಾಮಾನ್ಯ ಸಾಲಕ್ಕೆ ಹೋಲಿಸಿದರೆ ಜೀವನಾಂಶಕ್ಕೆ ಸಂಬಳದ ಹೆಚ್ಚು ಭಾಗ ಸಿಗುತ್ತದೆ. ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಬರುತ್ತದೆ. ಆತ ಸರಕಾರಿ ಅಥವಾ ರೈಲ್ವೆ ನೌಕರನಾದರೆ ಬಟವಾಡೆ ಅಧಿಕಾರಿ ಕರ್ನಾಟಕದಲ್ಲಿದ್ದರೂ ಕಾಸರಗೋಡಿನ ಕೋರ್ಟೇ ಆದೇಶ ಕಳಿಸಬಹುದು. ಖಾಸಗಿ ಕಂಪೆನಿಯಾದರೆ ಬಟವಾಡೆ ಮಾಡುವವರು ಕೋರ್ಟಿನ ವ್ಯಾಪ್ತಿಯೊಳಗೆ ಇರಬೇಕು. ಮಂಗಳೂರಿನ ಕಂಪೆನಿಗೆ ಮಂಗಳೂರಿನ ಕೋರ್ಟಿನಿಂದಲೇ ಆದೇಶ ಹೊರಡಬೇಕು, ಅದಕ್ಕಾಗಿ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಂನಲ್ಲಿ ಅಲ್ಲಿಗೆ ಕಳಿಸಿಕೊಡಲು ಅರ್ಜಿ ಹಾಕಬೇಕು. ಸಂಬಳದ ಕಚೇರಿಯ ಊರು ಮೊದಲ ಹಾಳೆಯಲ್ಲೇ ಇರಬೇಕೆಂದದ್ದು ಇದಕ್ಕೇ. ಕೌಟುಂಬಿಕ ಹಿಂಸೆ ಕಾಯ್ದೆಯ ಆದೇಶ ತಪ್ಪಿದರೆ ಹಣವನ್ನು ನೇರವಾಗಿ ಕೊಡುವಂತೆ ಮ್ಯಾಜಿಸ್ಟ್ರೇಟರು ಉದ್ಯೋಗದಾತರಿಗೇ ನಿರ್ದೇಶಿಸಲು 20ನೇ ಕಲಂ ಅವಕಾಶ ಕೊಡುತ್ತದೆ.

ಇ-ಕೋರ್ಟ್ಸ್ ಆ್ಯಪ್ ಈ ಎಲ್ಲ ಓಡಾಟದಲ್ಲಿ ನಿಜಕ್ಕೂ ಸಹಾಯಕ್ಕೆ ಬರುತ್ತದೆ. ಕೇಸಿಗೊಂದು 16 ಅಕ್ಷರಾಂಕದ ಸಿ.ಎನ್.ಆರ್. ನಂಬರ್ ಇರುತ್ತದೆ. ಕೇರಳದ್ದು ಕೆ.ಎಲ್. ಎಂದೂ ಕರ್ನಾಟಕದ್ದು ಕೆ.ಎ. ಎಂದೂ ಶುರು. ಎರಡು ರಾಜ್ಯದ ಕೇಸುಗಳನ್ನೂ ‘ನನ್ನ ಕೇಸುಗಳು’ ಎಂಬಲ್ಲಿ ಸೇರಿಸಿಟ್ಟರೆ ಒಂದೇ ದಿನ ಎರಡು ಕಡೆ ವಾಯಿದೆ ಬಿದ್ದದ್ದು ಮೊದಲೇ ಗೊತ್ತಾಗುತ್ತದೆ, ಒಂದು ಕಡೆ ಮುಂದೂಡಲು ಕೇಳಬಹುದು. ಫ್ಯಾಮಿಲಿ ಕೋರ್ಟಿನ ಆದೇಶದ ಪ್ರತಿ ಅದರಲ್ಲಿ ಕಾಣದೇ ಇರಬಹುದು, ಅದಕ್ಕೆ ನಕಲಿನ ಅರ್ಜಿಯೇ ಗತಿ.

ಭಾಷೆಯ ವಿಷಯ ಕನ್ನಡಿಗರಿಗೆ ಮುಖ್ಯ. ಇಲ್ಲಿನ ಕೋರ್ಟುಗಳ ವ್ಯವಹಾರ ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಕನ್ನಡ, ತುಳು ಬಲ್ಲ ವಕೀಲರು ಕಾಸರಗೋಡಿನಲ್ಲಿ ಬೇಕಾದಷ್ಟಿದ್ದಾರೆ, ಅಂಥವರನ್ನೇ ಕೊಡಿ ಎಂದು ಅರ್ಜಿಯಲ್ಲಿ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಆದಾಯ, ವಾಸ್ತವ್ಯದ ಪತ್ರಗಳಿಗೆ ಗ್ರಾಮ ಕಚೇರಿಗೆ ಬರೆಯುವಾಗ ಅದನ್ನು ಬಳಸಿ. ಕೋರ್ಟಿಗೆ ಕೊಡುವ ಕನ್ನಡ ದಾಖಲೆಗಳಿಗೆ ಮಾತ್ರ ಅನುವಾದ ಜೋಡಿಸಬೇಕು, ಹಾಗೆಯೇ ಇಲ್ಲಿನ ಮಲಯಾಳ ದಾಖಲೆಗಳನ್ನು ಮಂಗಳೂರಿಗೆ ಒಯ್ಯುವಾಗ. ಜೀವನಾಂಶದ ಆದೇಶ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅಥವಾ ಕನ್ನಡ ಅನುವಾದವನ್ನು ಇಲ್ಲೇ ಮಾಡಿಸಿ ಮೂಲದೊಂದಿಗೆ ಇಟ್ಟುಕೊಳ್ಳಿ, ಅನುವಾದದ ಖರ್ಚನ್ನು ಭರಿಸುವಂತೆ ಪ್ರಾಧಿಕಾರವನ್ನು ಬರಹದಲ್ಲಿ ಕೇಳಿ.